ಆರನೇ ತರಗತಿಗೆ ವಸತಿ ಶಾಲೆ: ಕಳಿಸುವ ಮುನ್ನ, ಕಳಿಸಿದ ಮೇಲೆ

"ಹಾಸ್ಟೆಲಿಗೆ ಹಾಕಿ, ಮಗು ತಾನಾಗಿ ನೆಟ್ಟಗಾಗುತ್ತದೆ" ಎಂಬ ಸಲಹೆ ನಮ್ಮಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಕೊಡುವವರಲ್ಲಿ ಹೆಚ್ಚಿನವರು ಹಾಸ್ಟೆಲಿನ ಮಂಚದ ಮೇಲೆ ಒಂದು ರಾತ್ರಿಯೂ ಕಳೆದವರಲ್ಲ. ನಾನು ಆರರಿಂದ ಹನ್ನೆರಡನೇ ತರಗತಿಯವರೆಗೆ ರಾಜ್ಯದ ಒಂದು ಜವಾಹರ್ ನವೋದಯ ವಿದ್ಯಾಲಯದಲ್ಲಿ, ಅಂದರೆ ಕೇಂದ್ರ ಸರ್ಕಾರದ ವಸತಿ ಶಾಲೆಯಲ್ಲಿ ಓದಿದವಳು. ಪ್ರವೇಶ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಊರಿನ ಕಡೆಯಿಂದ ಯಾರಾದರೊಬ್ಬರು ಫೋನು ಮಾಡಿಯೇ ಮಾಡುತ್ತಾರೆ: ಸೀಟು ಸಿಕ್ಕಿದೆ, ಕಳಿಸೋಣವೋ ಬೇಡವೋ, ಕಳಿಸಿದರೆ ಏನೇನು ನೋಡಿಕೊಳ್ಳಬೇಕು? ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಸತಿ ಶಾಲೆಯಲ್ಲಿ ಮಗು ಬೆಳೆಯುವುದು ಗಂಟೆಯ ಸದ್ದಿನಿಂದಲ್ಲ. ನಸುಕಿನಲ್ಲಿ ಎಬ್ಬಿಸುವ ಗಂಟೆ, ವ್ಯಾಯಾಮದ ಗಂಟೆ, ಊಟದ ಗಂಟೆ, ಓದಿನ ಗಂಟೆ ಎಲ್ಲವೂ ವರ್ಷಗಟ್ಟಲೆ ಹೊಡೆದರೂ, ಕಾಲೇಜು ಸೇರಿ ಪಿಜಿ ಕೋಣೆ ಹಿಡಿದ ತಿಂಗಳೊಳಗೆ ಆ ಶಿಸ್ತು ಗಂಟೆಯ ಜೊತೆಗೇ ಹೊರಟುಹೋಗುತ್ತದೆ. ಉಳಿಯುವುದು ಎರಡು ಗಂಟೆಗಳ ನಡುವಿನ ಹೊತ್ತಿನಲ್ಲಿ ಯಾರೂ ಕಲಿಸದೆ ಕಲಿತದ್ದು. ನಲ್ಲಿಯ ಸಾಲಿನಲ್ಲಿ ತನ್ನ ಸರದಿಯನ್ನು ಉಳಿಸಿಕೊಳ್ಳುವುದು, ಜಗಳವಾಡಿದವಳ ಪಕ್ಕದ ಮಂಚದಲ್ಲೇ ಮಲಗುವುದು, ಇಷ್ಟವಿಲ್ಲದ ಪಲ್ಯವನ್ನು ಮುಖ ಸಿಂಡರಿಸದೆ ತಿನ್ನುವುದು, ಬೇಕಾದ್ದನ್ನು ಬಾಯಿಬಿಟ್ಟು ಕೇಳುವುದು. ಹೀಗಾಗಿ ಕೆಳಗಿನ ಹಂತಗಳಲ್ಲಿ ವೇಳಾಪಟ್ಟಿಯ ಮಾತು ಕಡಿಮೆ.

ಹಂತ 1: ಕಳಿಸುವುದೋ ಬೇಡವೋ

ಮೊದಲು ಲೆಕ್ಕಾಚಾರ. ನವೋದಯಗಳು ಶುರುವಾದದ್ದು 1985-86ರಲ್ಲಿ. ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಮೊದಲೆರಡು ಶಾಲೆಗಳು. ಹಳ್ಳಿಯ ಜಾಣ ಮಕ್ಕಳಿಗೆ ಒಳ್ಳೆಯ ಶಾಲೆ ಸಿಗಲಿ ಎಂಬುದು ಉದ್ದೇಶವಾದ್ದರಿಂದ ಕನಿಷ್ಠ ಶೇ 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ ಮೀಸಲು. ಐದನೇ ತರಗತಿಯಲ್ಲಿರುವಾಗ ತಾನು ಓದುತ್ತಿರುವ ಜಿಲ್ಲೆಯಿಂದಲೇ ಪರೀಕ್ಷೆ ಬರೆಯಬೇಕು: ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಬರೆಯಲು ಅವಕಾಶ ಒಮ್ಮೆ ಮಾತ್ರ. ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲ ಉಚಿತ. ಒಂಬತ್ತನೇ ತರಗತಿಯಿಂದ ಕೆಲವು ವರ್ಗದ ಮಕ್ಕಳು ವಿಕಾಸ ನಿಧಿ ಎಂದು ತಿಂಗಳಿಗೆ ಒಂದಿಷ್ಟು ಕಟ್ಟಬೇಕು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಬಡತನ ರೇಖೆಗಿಂತ ಕೆಳಗಿನ ಕುಟುಂಬದವರಿಗೆ ಅದೂ ಇಲ್ಲ. ರಾಜ್ಯ ಸರ್ಕಾರದ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳಿಗೂ ಆರನೇ ತರಗತಿಗೇ ಪ್ರವೇಶ. ಪರೀಕ್ಷೆ ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಈ ಬರಹದ ಹೆಚ್ಚಿನ ಮಾತು ಆ ಮಕ್ಕಳಿಗೂ ಅನ್ವಯಿಸುತ್ತದೆ.

ಒಂದೇ ಅವಕಾಶ ಎಂಬ ಕಾರಣಕ್ಕೆ ಮನೆಯವರೆಲ್ಲ ವರ್ಷವಿಡೀ ಕೋಚಿಂಗಿನ ಹಿಂದೆ ಓಡುತ್ತಾರೆ. ಸೀಟು ಸಿಕ್ಕ ದಿನ ಸಿಹಿ ಹಂಚುತ್ತಾರೆ. ಮಗುವನ್ನು ಕೇಳುವುದೊಂದೇ ಬಾಕಿ ಉಳಿದಿರುತ್ತದೆ. ಸೇರಿಸುವ ಮುನ್ನ ಅನುಮತಿ ಪಡೆದು ಒಮ್ಮೆ ಶಾಲೆಗೆ ಕರೆದುಕೊಂಡು ಹೋಗಿ. ಕಟ್ಟಡ, ಪ್ರಯೋಗಾಲಯ ತೋರಿಸಿದರೆ ಸಾಲದು. ಮಲಗುವ ಕೋಣೆ, ಬಚ್ಚಲು, ಊಟದ ಮನೆ ತೋರಿಸಿ. ಹತ್ತು ವರ್ಷದ ಮಗು ರಾತ್ರಿ ನೆನೆದು ಹೆದರುವುದು ಪ್ರಯೋಗಾಲಯವನ್ನಲ್ಲ.

"ಮಾತು ಕೇಳದಿದ್ದರೆ ಹಾಸ್ಟೆಲಿಗೆ ಹಾಕಿಬಿಡುತ್ತೇನೆ" ಎಂದು ಬೆದರಿಸುವ ಚಾಳಿ ಇದ್ದರೆ ಇವತ್ತೇ ಬಿಡಿ. ಶಿಕ್ಷೆಯೆಂದು ತಿಳಿದು ಬಂದ ಮಕ್ಕಳು ವರ್ಷವಾದರೂ ಟ್ರಂಕನ್ನು ಪೂರ್ತಿ ಬಿಚ್ಚುವುದಿಲ್ಲ. ಮನೆಯಲ್ಲಿ ಸಾವೊಂದು ಸಂಭವಿಸಿದ ವರ್ಷವೂ ಕಳಿಸದಿರುವುದು ವಾಸಿ. ಸೀಟು ಹೋದರೆ ಹೋಗಲಿ. ಇದು ಖಡಾಖಂಡಿತವಾಗಿ ಕೇಳಿಸಬಹುದು, ಆದರೆ ಈ ಎರಡು ವಿಷಯಗಳಲ್ಲಿ ನನಗೆ ಅನುಮಾನವಿಲ್ಲ.

ಹಂತ 2: ಕೈಗೆ ಕಲಿಸಿ, ತಲೆಗೆ ಆಮೇಲೆ

ಫಲಿತಾಂಶಕ್ಕೂ ಶಾಲೆ ಸೇರುವುದಕ್ಕೂ ನಡುವೆ ಕೆಲವು ವಾರ ಸಿಗುತ್ತವೆ. ಬಹುತೇಕರು ಆ ಹೊತ್ತಿನಲ್ಲಿ ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತಾರೆ. ಅದು ಶಾಲೆಯ ಕೆಲಸ, ಅವರು ಮಾಡುತ್ತಾರೆ. ಬಟ್ಟೆ ಒಗೆಯುವುದನ್ನು ಅಲ್ಲಿ ಯಾರೂ ಕಲಿಸುವುದಿಲ್ಲ.

ಒಗೆಯುವುದೆಂದರೆ ನೀರಿಗೆ ಹಾಕಿ ತೆಗೆಯುವುದಲ್ಲ. ಬಿಳಿ ಅಂಗಿಯ ಕಾಲರು, ತೋಳಿನ ಅಂಚಿಗೆ ಮಾತ್ರ ಸಾಬೂನು ಹಚ್ಚಿ ಮೊದಲು ಉಜ್ಜಬೇಕು, ಆಮೇಲೆ ಇಡೀ ಬಟ್ಟೆ. ದಪ್ಪ ಪ್ಯಾಂಟನ್ನು ಮಗುವಿನ ಕೈ ಒಂಟಿಯಾಗಿ ಹಿಂಡಲಾರದು. ಒಂದು ತುದಿಯನ್ನು ಗೆಳತಿ ಹಿಡಿಯಬೇಕು, ಇನ್ನೊಂದನ್ನು ತಾನು ತಿರುಚಬೇಕು. ಬಣ್ಣದ ಬಟ್ಟೆಯನ್ನು ಒಳಮಗ್ಗುಲು ಹೊರಗೆ ಮಾಡಿ ಒಣಹಾಕಬೇಕು. ಒಣಗಿದ ಕೂಡಲೇ ತೆಗೆಯಬೇಕು, ಇಲ್ಲದಿದ್ದರೆ ಸಂಜೆಯೊಳಗೆ ಹಗ್ಗದ ಮೇಲೆ ಅದು ಬೇರೆಯವರದಾಗಿರುತ್ತದೆ. ಮನೆಯಲ್ಲಿ ನಾಲ್ಕಾರು ಬಾರಿ ತಾನೇ ಒಗೆದ ಮಗು ಮೊದಲ ಭಾನುವಾರ ಅಳುವುದಿಲ್ಲ. ಅಳುತ್ತಿರುವವಳಿಗೆ ಹೇಳಿಕೊಡುತ್ತದೆ, ಮತ್ತು ಅಲ್ಲಿಂದಲೇ ಅದರ ಸ್ಥಾನ ಶುರುವಾಗುತ್ತದೆ.

ಜಡೆಯದೂ ಹಾಗೆಯೇ. ಎರಡು ಜಡೆ ಹೆಣೆದು ರಿಬ್ಬನ್ ಕಟ್ಟಿ ಪ್ರಾರ್ಥನೆಗೆ ಹೋಗಬೇಕಾದ ಶಾಲೆಯಲ್ಲಿ, ಅಮ್ಮನ ಮುಂದೆ ಕೂತು ಅಭ್ಯಾಸವಾದ ಹುಡುಗಿ ಮೊದಲ ವಾರ ಕಂಗಾಲಾಗುತ್ತಾಳೆ. ನಮ್ಮ ಡಾರ್ಮಿಟರಿಯ ಮೆಟ್ಟಿಲುಗಳ ಮೇಲೆ ಬೆಳಿಗ್ಗೆ ಹುಡುಗಿಯರು ಒಬ್ಬಳ ಹಿಂದೆ ಒಬ್ಬಳು ಸಾಲಾಗಿ ಕೂರುತ್ತಿದ್ದರು: ಪ್ರತಿಯೊಬ್ಬಳೂ ಮುಂದಿನವಳ ತಲೆ ಬಾಚುತ್ತ, ಹಿಂದಿನವಳಿಂದ ಬಾಚಿಸಿಕೊಳ್ಳುತ್ತ, ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಹಿಂದಿನ ರಾತ್ರಿಯ ಜಗಳದ ಪಂಚಾಯಿತಿ ಮುಗಿಸುತ್ತ. ಎಲ್ಲರಿಗಿಂತ ಮೇಲಿನ ಮೆಟ್ಟಿಲಿನಲ್ಲಿ ಕೂರುವವಳಿಗೆ ಬಾಚುವವರಿರಲಿಲ್ಲ. ಆ ಜಾಗಕ್ಕೆ ದಿನಕ್ಕೊಬ್ಬಳ ಪಾಳಿ. ಆ ಪಾಳಿಯನ್ನು ಯಾವ ಶಿಕ್ಷಕರೂ ಬರೆದುಕೊಟ್ಟಿರಲಿಲ್ಲ.

ಕಲಿಸಬೇಕಾದ ಉಳಿದವು: ಒಂದೇ ಬಕೆಟ್ ನೀರಿನಲ್ಲಿ ಸ್ನಾನ, ಗುಂಡಿ ಹೊಲಿಯುವುದು, ಉಗುರು ಕತ್ತರಿಸುವುದು, ಸೊಳ್ಳೆಪರದೆ ಕಟ್ಟುವುದು, ಟ್ರಂಕಿಗೆ ಬೀಗ ಹಾಕಿ ಎಳೆದು ನೋಡುವುದು.

ಹೆಣ್ಣುಮಗುವಾದರೆ ಮುಟ್ಟಿನ ಬಗ್ಗೆ ಹೊರಡುವ ಮುನ್ನವೇ ಬಿಡಿಸಿ ಹೇಳಿ. ಹನ್ನೊಂದು, ಹನ್ನೆರಡರ ವಯಸ್ಸಿನಲ್ಲಿ ಅದು ಮನೆಯಲ್ಲೇ ಶುರುವಾಗುತ್ತದೆ ಎಂಬ ಖಾತರಿಯಿಲ್ಲ. ಪ್ಯಾಡ್ ಹೇಗೆ ಬಳಸುವುದು, ಬಳಸಿದ್ದನ್ನು ಎಲ್ಲಿ ಹಾಕುವುದು, ಯಾರಿಗೆ ಹೇಳುವುದು ಎಂಬ ಮೂರನ್ನು ಕೈಯಲ್ಲಿ ಹಿಡಿದು ತೋರಿಸಿ. ಒಂದು ಪೊಟ್ಟಣ ಟ್ರಂಕಿನ ತಳದಲ್ಲಿರಲಿ. "ದೊಡ್ಡವಳಾದ ಮೇಲೆ ಹೇಳೋಣ" ಎಂದು ಮುಂದೂಡಿದ ತಾಯಂದಿರ ಮಕ್ಕಳಿಗೆ ನಾವು ಹಿರಿಯ ಹುಡುಗಿಯರೇ ರಾತ್ರಿ ಹನ್ನೊಂದಕ್ಕೆ ಟಾರ್ಚು ಹಿಡಿದು ಪಾಠ ಮಾಡಬೇಕಾಗುತ್ತಿತ್ತು.

ಹಂತ 3: ಟ್ರಂಕು

ಶಾಲೆ ಕೊಡುವ ಪಟ್ಟಿಗಿಂತ ಹೆಚ್ಚು ತುಂಬಬೇಡಿ. ಒಳ್ಳೆಯ ಬೀಗಕ್ಕೆ ಎರಡು ಕೀಲಿ ಇರಲಿ: ಒಂದನ್ನು ಹಾಸ್ಟೆಲಿನ ಉಸ್ತುವಾರಿ ಶಿಕ್ಷಕರಾದ ಹೌಸ್ ಮಾಸ್ಟರ್ ಬಳಿ ಕೊಡಿ, ಇನ್ನೊಂದು ಮಗುವಿನ ಮೈಮೇಲೆ. ಹುಡುಗರು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಾರೆ, ಹುಡುಗಿಯರು ಕತ್ತಿನ ದಾರಕ್ಕೆ. ಎಲ್ಲ ಬಟ್ಟೆಯ ಮೇಲೂ ಹೆಸರನ್ನು ದಾರದಿಂದ ಹೊಲಿಯಿರಿ, ಶಾಯಿ ತಿಂಗಳಲ್ಲಿ ಮಾಸುತ್ತದೆ. ತಟ್ಟೆ, ಲೋಟ, ಬಕೆಟ್ಟಿನ ಮೇಲೂ ಹೆಸರು ಬೇಕು. ಚಿನ್ನದ ಓಲೆ, ದುಬಾರಿ ಗಡಿಯಾರ ಬೇಡ. ತಿಂಡಿ ಕೊಡುವುದಾದರೆ ಹಂಚಿ ತಿನ್ನುವಷ್ಟು ಕೊಡಿ. ಒಬ್ಬಳಿಗೇ ಸಾಕಾಗುವಷ್ಟು ಚಕ್ಕುಲಿ ಟ್ರಂಕಿನಲ್ಲಿದ್ದರೆ ಸುಳ್ಳು ಹೇಳುವುದನ್ನು ಕಲಿಸಿದ ಹಾಗಾಗುತ್ತದೆ.

ಹಂತ 4: ಬಿಟ್ಟುಬರುವ ದಿನ

ಹಾಸಿಗೆಯನ್ನು ಮಗುವೇ ಹಾಸಲಿ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯನ್ನು ಇಬ್ಬರೂ ಒಮ್ಮೆ ನಡೆಯಿರಿ, ದೀಪದ ಸ್ವಿಚ್ಚು ಎಲ್ಲಿದೆ ನೋಡಿ. ಆಮೇಲೆ ಹೌಸ್ ಮಾಸ್ಟರ್ ಅಥವಾ ಹಾಸ್ಟೆಲಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಮೇಟ್ರನ್ ಅವರನ್ನು ಪ್ರತ್ಯೇಕವಾಗಿ ಕಂಡು, ನಾಚಿಕೆಪಡದೆ ಹೇಳಬೇಕಾದ್ದನ್ನು ಹೇಳಿ: ಉಬ್ಬಸ, ಮೂರ್ಛೆರೋಗ, ಔಷಧದ ಅಲರ್ಜಿ, ನಿದ್ದೆಯಲ್ಲಿ ನಡೆಯುವುದು, ಹಾಸಿಗೆ ಒದ್ದೆ ಮಾಡಿಕೊಳ್ಳುವುದು. ಕೊನೆಯದನ್ನು ಮುಚ್ಚಿಡುವವರೇ ಹೆಚ್ಚು. ಮೊದಲೇ ಗೊತ್ತಿದ್ದರೆ ಮೇಟ್ರನ್ ರಾತ್ರಿ ಒಮ್ಮೆ ಎಬ್ಬಿಸಿ ಕಳಿಸುತ್ತಾರೆ, ಕೆಳಗಿನ ಮಂಚ ಕೊಡುತ್ತಾರೆ, ಯಾರಿಗೂ ತಿಳಿಯುವುದಿಲ್ಲ. ಗೊತ್ತಿಲ್ಲದಿದ್ದರೆ ಬೆಳಿಗ್ಗೆ ಇಡೀ ಡಾರ್ಮಿಟರಿಗೆ ತಿಳಿಯುತ್ತದೆ, ಮತ್ತು ಆ ಅಡ್ಡಹೆಸರು ಹನ್ನೆರಡನೇ ತರಗತಿಯವರೆಗೂ ಜೊತೆಗಿರುತ್ತದೆ.

ಮಗು ಅತ್ತ ತಿರುಗಿದಾಗ ಕದ್ದು ಹೊರಡಬೇಡಿ. "ನಾಳೆ ಬರುತ್ತೇವೆ" ಎಂಬ ಸುಳ್ಳೂ ಬೇಡ. ಭೇಟಿಗೆ ಶಾಲೆ ನಿಗದಿ ಮಾಡಿದ ದಿನವನ್ನು ಹೇಳಿ, ಸಂಜೆಯ ಆಟದ ಹೊತ್ತಿಗೆ ಸರಿಯಾಗಿ ಹೊರಡಿ. ಗೇಟಿನ ಬಳಿ ಗಂಟೆಗಟ್ಟಲೆ ನಿಲ್ಲುವುದರಿಂದ ಇಬ್ಬರಿಗೂ ಪ್ರಯೋಜನವಿಲ್ಲ.

ಹಂತ 5: ಮೊದಲ ತಿಂಗಳುಗಳ ಫೋನು

ನಮ್ಮ ಕಾಲದಲ್ಲಿ ನೀಲಿ ಇನ್‌ಲ್ಯಾಂಡ್ ಪತ್ರವಿತ್ತು. ಅಳುತ್ತ ಬರೆದ ಪತ್ರ ಊರು ಮುಟ್ಟುವಷ್ಟರಲ್ಲಿ ಅಳು ನಿಂತಿರುತ್ತಿತ್ತು. ಈಗಲೂ ಮಕ್ಕಳ ಕೈಗೆ ಮೊಬೈಲ್ ಕೊಡುವುದಿಲ್ಲ, ಆದರೆ ಶಾಲೆಯ ಫೋನಿನಲ್ಲಿ ಮಾತನಾಡಲು ಸರದಿ ಸಿಗುತ್ತದೆ. ಅಳು ಆ ಕ್ಷಣದಲ್ಲೇ ಮನೆಗೆ ತಲುಪುತ್ತದೆ. ಮಗು ಫೋನಿಟ್ಟು ಆಡಲು ಹೋಗುತ್ತದೆ, ಮನೆಯಲ್ಲಿ ತಾಯಿ ರಾತ್ರಿಯಿಡೀ ಕಣ್ಣು ಮುಚ್ಚುವುದಿಲ್ಲ.

ಮನೆಯ ನೆನಪು ಕಾಡುವುದು ತರಗತಿಯಲ್ಲಲ್ಲ. ಆಟ ಮುಗಿದು ದೀಪ ಹಚ್ಚುವ ಹೊತ್ತು, ಭಾನುವಾರ ಮಧ್ಯಾಹ್ನ, ಜ್ವರ ಬಂದ ದಿನ ಕಾಡುತ್ತದೆ. ಸಾಧ್ಯವಾದರೆ ಆ ಹೊತ್ತು ಬಿಟ್ಟು ಬೆಳಗಿನ ಕಡೆ ಮಾತನಾಡಿ. "ಊಟ ಆಯಿತಾ? ಚೆನ್ನಾಗಿದ್ದೀಯಾ?" ಎಂದರೆ "ಹೂಂ" ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ಬದಲಿಗೆ ಹೀಗೆ ಕೇಳಿ: ನಿನ್ನ ಪಕ್ಕದ ಮಂಚದವಳ ಊರು ಯಾವುದು? ಈ ವಾರ ಯಾವ ಹೌಸ್ ಗೆದ್ದಿತು? ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಎಂದು, ಮಕ್ಕಳನ್ನು ಹಂಚಿಹಾಕುವ ಗುಂಪುಗಳಾದ ನವೋದಯದ ಹೌಸ್‌ಗಳಿಗೆ ಬೆಟ್ಟಗಳ ಹೆಸರು; ಮಗು "ನಮ್ಮ ನೀಲಗಿರಿ" ಎನ್ನತೊಡಗಿದ ದಿನ ನೀವು ಅರ್ಧ ನಿರಾಳರಾಗಬಹುದು.

"ನನ್ನನ್ನು ಕರೆದುಕೊಂಡು ಹೋಗಿ" ಎಂದಾಗ ಏನು ಹೇಳಬೇಕು? ದುಃಖವನ್ನು ಒಪ್ಪಿಕೊಳ್ಳಿ, ಚೌಕಾಸಿಗೆ ಇಳಿಯಬೇಡಿ. "ದಸರಾವರೆಗೆ ಇರು, ಆಮೇಲೆ ನೋಡೋಣ" ಎಂದರೆ ಮಗು ದಸರಾವರೆಗೆ ದಿನ ಎಣಿಸುತ್ತದೆಯೇ ಹೊರತು ಅಲ್ಲಿ ಇರುವುದಿಲ್ಲ. "ನಿನಗೆ ಬೇಜಾರಾಗುತ್ತಿದೆ ಎಂದು ಗೊತ್ತು. ಭೇಟಿಯ ದಿನ ಬರುತ್ತೇವೆ, ಅವತ್ತು ಎಲ್ಲ ಹೇಳು" ಎನ್ನಿ, ಹೇಳಿದ ದಿನ ತಪ್ಪದೆ ಹೋಗಿ. ಸಣ್ಣ ತೊಂದರೆಗಳಿಗೆ ಪ್ರಾಂಶುಪಾಲರಿಗೆ ಫೋನು ಮಾಡುವ ಮುನ್ನ "ಇದನ್ನು ನೀನು ಯಾರಿಗೆ ಹೇಳಬಹುದು?" ಎಂದು ಕೇಳಿ. ಕಳೆದ ಪೆನ್ನು, ಒಡೆದ ಬಕೆಟ್, ಮಾತು ಬಿಟ್ಟ ಗೆಳತಿ, ಇವನ್ನೆಲ್ಲ ಮನೆಯಿಂದ ಬಗೆಹರಿಸತೊಡಗಿದರೆ ಮಗುವನ್ನು ಅಷ್ಟು ದೂರ ಕಳಿಸಿದ್ದು ವ್ಯರ್ಥ.

ಹಂತ 6: ಕಾಯಬಾರದ ಸಂದರ್ಭಗಳು

ಮೇಲಿನ ತಾಳ್ಮೆಯ ಪಾಠ ಇಲ್ಲಿಗೆ ಅನ್ವಯಿಸುವುದಿಲ್ಲ. ಮನೆಯ ಹಂಬಲ ವಾರದಿಂದ ವಾರಕ್ಕೆ ಇಳಿಯುತ್ತದೆ, ಅದಕ್ಕೆ ಹೆಸರಿಡಲು ಮಗು ಹೆದರುವುದಿಲ್ಲ. ಕಿರುಕುಳ ಹಾಗಲ್ಲ, ಅದು ಮಗುವಿನ ಬಾಯಿ ಕಟ್ಟುತ್ತದೆ. ತೂಕ ಇಳಿಯುವುದು, ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೆಸರು ಬಂದೊಡನೆ ಮೌನ, ಮೈಮೇಲಿನ ಗಾಯಕ್ಕೆ ದಿನಕ್ಕೊಂದು ಕಾರಣ, ರಾತ್ರಿ ಬಚ್ಚಲಿಗೆ ಹೋಗಲು ಅಂಜಿ ನೀರು ಕುಡಿಯುವುದನ್ನೇ ಬಿಡುವುದು, ರಜೆ ಮುಗಿಯುವ ಹಿಂದಿನ ದಿನ ತಪ್ಪದೆ ಬರುವ ಹೊಟ್ಟೆನೋವು: ಇವುಗಳಲ್ಲಿ ಯಾವುದನ್ನು ಕಂಡರೂ ಅದೇ ವಾರ ಶಾಲೆಗೆ ಹೋಗಿ.

ಹಿರಿಯರ ಬಕೆಟ್ ಹೊರುವುದು, ಬಟ್ಟೆ ಒಗೆದುಕೊಡುವುದು ಹಲವು ಹಾಸ್ಟೆಲುಗಳಲ್ಲಿ ಸಂಪ್ರದಾಯದ ಹೆಸರಿನಲ್ಲಿ ನಡೆಯುತ್ತದೆ. "ಅದರಿಂದಲೇ ನಾವು ಗಟ್ಟಿಯಾದೆವು" ಎನ್ನುವ ಹಳೆಯ ವಿದ್ಯಾರ್ಥಿಗಳನ್ನು ನಂಬಬೇಡಿ. ಅದರಿಂದ ಅವರು ಕಲಿತದ್ದು ತಮ್ಮ ಸರದಿ ಬಂದಾಗ ಕಿರಿಯರಿಂದ ಹೊರಿಸುವುದನ್ನು. ಹಿರಿಯ ಹುಡುಗಿ ಲೆಕ್ಕ ಹೇಳಿಕೊಡುವುದು ಬೇರೆ, ಅದಕ್ಕೆ ಬಾಡಿಗೆಯಾಗಿ ಸಾಕ್ಸ್ ಒಗೆಸುವುದು ಬೇರೆ ಎಂಬ ವ್ಯತ್ಯಾಸವನ್ನು ಮಗುವಿಗೆ ಮೊದಲೇ ತಿಳಿಸಿರಿ.

ಶಾಲೆ ಕಿವಿಗೊಡದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ, ಕರೆ ಉಚಿತ, ಮಗುವೇ ಮಾಡಬಹುದು. ಲೈಂಗಿಕ ಕಿರುಕುಳದ ಶಂಕೆಯಿದ್ದರೆ 2012ರ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಗೊತ್ತಿದ್ದವರೆಲ್ಲರ ಕರ್ತವ್ಯ. ಶಾಲೆಯ ಹೆಸರು ಕೆಡುತ್ತದೆ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ.

ಹಂತ 7: ಕಜ್ಜಿ

ಯಾವ ಕೈಪಿಡಿಯಲ್ಲೂ ಬರೆಯದ, ಎಲ್ಲ ಹಾಸ್ಟೆಲಿನಲ್ಲೂ ಇರುವ ಸಂಗತಿ ಇದು. ಬೆರಳ ಸಂದಿ, ಮಣಿಕಟ್ಟು, ಸೊಂಟದ ಸುತ್ತ ರಾತ್ರಿ ಹೊತ್ತು ಹೆಚ್ಚಾಗುವ ತುರಿಕೆ ಇದ್ದರೆ ಅದು ಕಜ್ಜಿ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ಕೆಲಸ, ಕೊಳಕಿನ ಗುರುತಲ್ಲ. ವೈದ್ಯರು ಸಾಮಾನ್ಯವಾಗಿ ಶೇ 5ರ ಪರ್ಮೆಥ್ರಿನ್ ಮುಲಾಮು ಬರೆದುಕೊಡುತ್ತಾರೆ. ತುರಿಸುವ ಜಾಗಕ್ಕಷ್ಟೇ ಹಚ್ಚಿದರೆ ಉಪಯೋಗವಿಲ್ಲ. ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ತೊಳೆಯಬೇಕು. ವಾರದ ಮೇಲೆ ವೈದ್ಯರು ಹೇಳಿದಂತೆ ಇನ್ನೊಮ್ಮೆ. ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಡಾರ್ಮಿಟರಿಯ ಎಲ್ಲರಿಗೂ ಒಂದೇ ರಾತ್ರಿ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಅದು ಮಂಚದಿಂದ ಮಂಚಕ್ಕೆ ಸುತ್ತುತ್ತಲೇ ಇರುತ್ತದೆ. ರಜೆಗೆ ಬಂದಾಗ ಕಂಡುಬಂದರೆ ಮನೆಯವರೆಲ್ಲರಿಗೂ ಹಚ್ಚಬೇಕು. ಹುಳ ಸತ್ತ ಮೇಲೂ ಕೆಲವು ವಾರ ತುರಿಕೆ ಉಳಿಯುತ್ತದೆ, ಗಾಬರಿಪಟ್ಟು ದಿನವೂ ಮುಲಾಮು ಬಳಿಯಬೇಡಿ. ಹೇನಿಗೂ ಎಲ್ಲರಿಗೂ ಒಟ್ಟಿಗೆ ಎಂಬ ಸೂತ್ರವೇ.

ಹಂತ 8: ರಜೆಗೆ ಬಂದ ಮಗು

ಮೊದಲ ರಜೆಯಲ್ಲಿ ಮಗು ಮನೆಯಲ್ಲಿ ನೆಂಟನ ಹಾಗೆ ಇರುತ್ತದೆ. ತನ್ನ ಮೂಲೆಯನ್ನು ತಮ್ಮ ಆಕ್ರಮಿಸಿಕೊಂಡಿರುತ್ತಾನೆ, ಬೀದಿಯ ಗೆಳೆಯರ ಆಟ ಬದಲಾಗಿರುತ್ತದೆ, ತನ್ನ ಮಾತಿನಲ್ಲಿ ನಾಲ್ಕು ಹಿಂದಿ ಪದ ಸೇರಿರುತ್ತವೆ. ತಾಯಿ ದಿನಕ್ಕೊಂದು ವಿಶೇಷ ಅಡುಗೆ ಮಾಡಿ, ಕುಡಿಯುವ ನೀರನ್ನೂ ಕೈಗೆ ತಂದುಕೊಡುತ್ತಾಳೆ. ಪ್ರೀತಿ ಸರಿ, ಆದರೆ ನೆಂಟರಿಗೆ ಮನೆಯಲ್ಲಿ ಹಕ್ಕಿರುವುದಿಲ್ಲ. ಎರಡು ದಿನ ಮಲಗಲು ಬಿಡಿ, ಮೂರನೇ ದಿನ ಕೆಲಸ ಹೇಳಿ: ಅಂಗಡಿಗೆ ಹೋಗುವುದು, ದನಕ್ಕೆ ಹುಲ್ಲು ಹಾಕುವುದು, ತಮ್ಮನಿಗೆ ಮಗ್ಗಿ ಹೇಳಿಸುವುದು. ಅದರ ಜಾಗವನ್ನು ಮನೆಯಲ್ಲಿ ಯಾರಿಗೂ ಬಿಟ್ಟುಕೊಡಬೇಡಿ. ಒಂದು ಗೂಡೋ ಒಂದು ಮೊಳೆಯೋ, ಅದರದೆಂದೇ ಇರಲಿ.

ಮನೆಯ ಸುದ್ದಿಯನ್ನು ಮುಚ್ಚಿಡುವುದೂ ತಪ್ಪು. ಸಾಲ, ಅಜ್ಜಿಯ ಕಾಯಿಲೆ, ಮಾರಿದ ಹಸು ಎಲ್ಲವನ್ನೂ "ಓದಿಗೆ ತೊಂದರೆಯಾಗದಿರಲಿ" ಎಂದು ಬಚ್ಚಿಟ್ಟರೆ, ರಜೆಗೆ ಬಂದು ಖಾಲಿ ಕೊಟ್ಟಿಗೆ ನೋಡಿದ ಮಗುವಿಗೆ ತಾನು ಈ ಮನೆಯ ಲೆಕ್ಕದಲ್ಲಿಲ್ಲ ಎನಿಸುತ್ತದೆ.

ಹಂತ 9: ಒಂಬತ್ತನೇ ತರಗತಿ

ನವೋದಯದ ಮಕ್ಕಳಿಗೆ ಇಲ್ಲಿ ಎರಡು ತಿರುವು. ಏಳು, ಎಂಟನೇ ತರಗತಿಯವರೆಗೆ ಕನ್ನಡದಲ್ಲಿ ಕಲಿತ ಗಣಿತ, ವಿಜ್ಞಾನ ಇಂಗ್ಲಿಷಿಗೆ ಹೊರಳುತ್ತವೆ. ಅಂಕ ಇಳಿಯುತ್ತದೆ, ಬಹುಪಾಲು ಮಕ್ಕಳಿಗೆ ವರ್ಷದೊಳಗೆ ಏರುತ್ತದೆ; ಟ್ಯೂಷನ್ ಹುಡುಕಬೇಡಿ. ಎರಡನೆಯದು ವಲಸೆ. ರಾಷ್ಟ್ರೀಯ ಭಾವೈಕ್ಯದ ಉದ್ದೇಶದಿಂದ ಒಂಬತ್ತನೇ ತರಗತಿಯ ಶೇ 30ರಷ್ಟು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಹಿಂದಿ ಪ್ರದೇಶದ ನವೋದಯಕ್ಕೆ ಕಳಿಸಿ, ಅಲ್ಲಿಂದ ಮಕ್ಕಳನ್ನು ಇಲ್ಲಿಗೆ ಕರೆಸಿಕೊಳ್ಳುವ ಪದ್ಧತಿ ಇದೆ.

ಹೆಣ್ಣುಮಗಳನ್ನು ಅಷ್ಟು ದೂರ ಕಳಿಸಲು ಮನೆಯವರು ಹಿಂದೆಗೆಯುವುದು ಸಹಜ. ಆದರೂ ಏಳು ವರ್ಷಗಳಲ್ಲಿ ಒಂದೇ ವರ್ಷವನ್ನು ಆರಿಸಿಕೊಳ್ಳಿ ಎಂದರೆ ನಾನು ಅದನ್ನೇ ಆರಿಸುತ್ತೇನೆ. ಅಲ್ಲಿ ಅನ್ನ, ಸಾರು ಅಪರೂಪ. ಗೋಧಿ ರೊಟ್ಟಿ, ದಾಲ್. ಚಳಿಗೆ ನಮ್ಮ ಸ್ವೆಟರು ಸಾಲದು, ಒಳಗೆ ತೊಡುವ ಉಣ್ಣೆಯ ಬಟ್ಟೆ ಬೇಕು. ಅಲ್ಲಿನವರಿಗೆ ದಕ್ಷಿಣದವರೆಲ್ಲ ಒಂದೇ. ಕನ್ನಡ ಎಂಬ ಭಾಷೆಯಿದೆ ಎಂಬುದರಿಂದ ಪರಿಚಯ ಶುರು ಮಾಡಬೇಕು. ಊರಿನಲ್ಲಿ ಜಾಣೆ ಎನಿಸಿಕೊಂಡವಳು ಅಲ್ಲಿ ಲಿಂಗ ತಪ್ಪಿ ಹಿಂದಿ ಮಾತನಾಡಿ ನಗೆಪಾಟಲಾಗುತ್ತಾಳೆ, ಹದಿನೈದು ದಿನ ಬಾಯಿ ಮುಚ್ಚುತ್ತಾಳೆ, ಆಮೇಲೆ ತಪ್ಪುತಪ್ಪಾಗಿಯೇ ಜಗಳವಾಡಲು ಶುರು ಮಾಡುತ್ತಾಳೆ. ಪರಭಾಷೆಯಲ್ಲಿ ಜಗಳವಾಡಿ ಗೆದ್ದ ಹುಡುಗಿಗೆ ಮುಂದೆ ಸಂದರ್ಶನದ ಕೋಣೆ ದೊಡ್ಡದಾಗಿ ಕಾಣುವುದಿಲ್ಲ. ಮಗುವಿಗೆ ಅವಕಾಶ ಬಂದರೆ ಅಡ್ಡಗಾಲು ಹಾಕಬೇಡಿ.

ಹಂತ 10: ಗಂಟೆ ನಿಲ್ಲುವ ಮುನ್ನ

ಹನ್ನೊಂದು, ಹನ್ನೆರಡನೇ ತರಗತಿಯಲ್ಲಿ ಮಾಡಬೇಕಾದ ಕೆಲಸವೆಂದರೆ ಗಂಟೆಯಿಲ್ಲದೆ ದಿನ ಕಳೆಯುವ ಅಭ್ಯಾಸ. ರಜೆಯ ಒಂದು ವಾರವನ್ನು ಮಗುವೇ ಯೋಜಿಸಲಿ, ಎಬ್ಬಿಸಬೇಡಿ, ನೆನಪಿಸಬೇಡಿ. ಹಣದ ವಿಷಯದಲ್ಲಿ ವಸತಿ ಶಾಲೆಯವರು ತೀರಾ ಹಸುಳೆಗಳು, ಏಕೆಂದರೆ ಏಳು ವರ್ಷ ಅಕ್ಕಿಯ ಬೆಲೆ ಕೇಳುವ ಪ್ರಸಂಗವೇ ಬಂದಿರುವುದಿಲ್ಲ. ಮೆಸ್ ಸಮಿತಿಗೆ ಸೇರಲು ಹುರಿದುಂಬಿಸಿ, ತರಕಾರಿ ತೂಗಿ ದಾಸ್ತಾನು ಪುಸ್ತಕದಲ್ಲಿ ಬರೆದವರಿಗೆ ಆ ಲೆಕ್ಕ ಕೈಗೆ ಹತ್ತಿರುತ್ತದೆ. ಬ್ಯಾಂಕಿಗೆ, ತಾಲ್ಲೂಕು ಕಚೇರಿಗೆ ಒಂಟಿಯಾಗಿ ಕಳಿಸಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿಯನ್ನು ತಾನೇ ಕೊಟ್ಟು ತರಲಿ.

ಶಾಲೆ ಬಿಡುವಾಗ ವರ್ಗಾವಣೆ ಪತ್ರ, ಅಂಕಪಟ್ಟಿ, ಬೇರೆ ಮಂಡಳಿ ಅಥವಾ ವಿಶ್ವವಿದ್ಯಾಲಯಕ್ಕೆ ಸೇರಲು ಬೇಕಾಗುವ ಮೈಗ್ರೇಷನ್ ಪತ್ರದ ಜೊತೆಗೆ ವ್ಯಾಸಂಗ ಪ್ರಮಾಣಪತ್ರವನ್ನೂ ಮರೆಯದೆ ಕೇಳಿ ಪಡೆಯಿರಿ. ಸಿಇಟಿ ಮೂಲಕ ವೃತ್ತಿಪರ ಕೋರ್ಸಿಗೆ ಸೇರುವವರಲ್ಲಿ ಹೆಚ್ಚಿನವರು ರಾಜ್ಯದಲ್ಲಿ ಕನಿಷ್ಠ ಏಳು ವರ್ಷ ಓದಿದ್ದಕ್ಕೆ ದಾಖಲೆ ತೋರಿಸಬೇಕಾಗುತ್ತದೆ. ಒಂಬತ್ತನೇ ತರಗತಿಯನ್ನು ಹೊರರಾಜ್ಯದಲ್ಲಿ ಓದಿದ್ದರೆ ಆರರಿಂದ ಹನ್ನೆರಡರವರೆಗಿನ ಲೆಕ್ಕದಲ್ಲಿ ಒಂದು ವರ್ಷ ಖೋತಾ. ಊರಿನ ಪ್ರಾಥಮಿಕ ಶಾಲೆಯಿಂದ ಒಂದರಿಂದ ಐದನೇ ತರಗತಿಯ ಪ್ರಮಾಣಪತ್ರವನ್ನೂ ಮಾಡಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಹಾಕಿಸಿಟ್ಟುಕೊಳ್ಳಿ. ಈ ಓಡಾಟವನ್ನೂ ಮಗುವೇ ಮಾಡಲಿ.